ವಿಮಾನಕ್ಕೆ ಉಪ್ಪು, ಕಾರಿಗೆ ಸಾಸಿವೆ

ಬಳ್ಳಾರಿಯಲ್ಲಿ ಕೂತು ಪ್ಲಾಸ್ಟಿಕ್ ವಿಮಾನ ಜೋಡಿಸುವವನಿಗೆ ಮೊದಲ ಶತ್ರು ಸೀಲಿಂಗ್ ಫ್ಯಾನು. ಹಾಕಿದರೆ ಬಿಡಿಭಾಗಗಳು ಹಾರಿಹೋಗುತ್ತವೆ. ಆರಿಸಿದರೆ ಹಣೆಯಿಂದ ಬೆವರು ಇಳಿದು ಈಗಷ್ಟೇ ಬಣ್ಣ ಹಚ್ಚಿದ ರೆಕ್ಕೆ ಮೇಲೆ ತೊಟ್ ಅಂತ ಬೀಳುತ್ತದೆ. ಬೇಸಿಗೆಯಲ್ಲಿ ಆರಾಮಾಗಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ವಿಡಿಯೋಗಳಲ್ಲಿ 'ಬಣ್ಣವನ್ನು ರೂಮ್ ಟೆಂಪರೇಚರ್‌ನಲ್ಲಿ ಒಣಗಲು ಬಿಡಿ' ಅಂತ ಹೇಳುತ್ತಾರಲ್ಲ, ಅವರ ರೂಮು ಬೇರೆ, ಕೌಲ್ ಬಜಾರಿನಲ್ಲಿ ತಗಡಿನ ಶೀಟು ಹೊದ್ದ ನಮ್ಮ ಮಹಡಿ ರೂಮು ಬೇರೆ. ಇಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊರಟ ಅಕ್ರಿಲಿಕ್ ಬಣ್ಣ ವಿಮಾನ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಪುಡಿಯಾಗಿ ಬಂದು ಕೂರುತ್ತದೆ. ನಿಧಾನಕ್ಕೆ ಒಣಗಲಿ ಅಂತ ರಿಟಾರ್ಡರ್ ಅನ್ನುವ ದ್ರವ ಬೆರೆಸಬೇಕು. ಬೆರೆಸಿ, ಕೈ ನಡುಗದ ಹಾಗೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ಶುರು ಮಾಡಿದಿರೋ, ಆಗ ಕರೆಂಟು ಹೋಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಡಬ್ಬಿ ತೆಗೆದರೆ ಒಳಗೆ ವಿಮಾನ ಇರುವುದಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳು ಇರುತ್ತವೆ, ಅವಕ್ಕೆ ಸ್ಪ್ರೂ ಅನ್ನುತ್ತಾರೆ. ಅದಕ್ಕೆ ಅಂಟಿಕೊಂಡ ಒಂದೊಂದು ಭಾಗವನ್ನೂ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಸಂದು ಕಂಡಲ್ಲಿ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಬಣ್ಣ ಹಚ್ಚಿ, ಕೊನೆಗೆ ನೀರಲ್ಲಿ ನೆನೆಸಿದ ಡೆಕಾಲ್ (ಗುರುತು-ನಂಬರುಗಳ ತೆಳು ಸ್ಟಿಕ್ಕರ್) ಜಾರಿಸಿ ಕೂರಿಸಬೇಕು. ಅಳತೆ ಇಂಗ್ಲೆಂಡಿನವರ ಅಡಿ-ಇಂಚಿನದು. 1:72 ಅಂದರೆ ಆರಡಿ ಆಳು ಒಂದು ಇಂಚಾಗುತ್ತಾನೆ. ಕಾರುಗಳು ಹೆಚ್ಚಾಗಿ 1:24, ಅಂದರೆ ಒಂದು ಅಡಿಗೆ ಅರ್ಧ ಇಂಚು. ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಮಿಯಾ, ಹಸೆಗಾವಾ ಇವೆಲ್ಲ ಈ ಲೋಕದ ದೊಡ್ಡ ಹೆಸರುಗಳು.

ಇಷ್ಟೆಲ್ಲ ವಿವರಿಸಿದ ಮೇಲೆ ನಮ್ಮ ಸೋದರಮಾವ ಕೇಳಿದ್ದು ಒಂದೇ.

"ಹಾರ್ತೈತೇನು?"

"ಇಲ್ಲ ಮಾವ."

"ಮತ್ಯಾಕಪ್ಪ ಇಷ್ಟು ಒದ್ದಾಡ್ತಿ?"

ಉತ್ತರ ಇಲ್ಲ. ಅದರ ಹಿಂದೆಯೇ ಬರುವ "ಎಷ್ಟು ಬಿತ್ತು?" ಅನ್ನುವ ಪ್ರಶ್ನೆಗೆ ಉತ್ತರ ಇದೆ, ಆದರೆ ಹೆಂಡತಿ ಎದುರಿಗೆ ಹೇಳುವ ಹಾಗಿಲ್ಲ. ಕೊರಿಯರ್ ಬಂದ ದಿನವೇ ಡಬ್ಬಿಯ ಮೇಲಿನ ಚೀಟಿ ಕಿತ್ತು ಚೂರು ಮಾಡಿ ಎಸೆಯುವುದು ಈ ಹವ್ಯಾಸದ ಮೊದಲ ಹಂತ. ಕಿಟ್‌ನ ಮಾರ್ಗಸೂಚಿಯಲ್ಲಿ ಇದನ್ನು ಬರೆದಿರುವುದಿಲ್ಲ.

ಹೋದ ವರ್ಷ ಮಿಗ್-21 ತರಿಸಿದೆ. 1963ರಲ್ಲಿ ನಮ್ಮ ವಾಯುಪಡೆ ಸೇರಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ವಿಮಾನ ಅದು. ಟಿವಿಯಲ್ಲಿ ಅದನ್ನು ನೋಡಿ ಮನಸ್ಸು ತಡೆಯಲಿಲ್ಲ. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ ಏಳು ಮೀಟರಿಗಿಂತ ಸ್ವಲ್ಪ ಜಾಸ್ತಿ. 1:72ರಲ್ಲಿ ಹತ್ತು ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ಮೂತಿಯಿಂದ ಮುಂದಕ್ಕೆ ಒಂದು ಉದ್ದನೆಯ ಸೂಜಿ ಚಾಚಿರುತ್ತದೆ. ಅದು ಪಿಟೋ ಟ್ಯೂಬ್, ಹಾರುವ ವೇಗ ಅಳೆಯುವುದಕ್ಕೆ ಗಾಳಿಯ ಒತ್ತಡ ಹಿಡಿಯುವ ಕೊಳವೆ. ಕಿಟ್‌ನಲ್ಲಿ ಅದು ಪ್ಲಾಸ್ಟಿಕ್ಕಿನ ಎಳೆ ಅಷ್ಟೇ. ಅಂಗಿಯ ತೋಳು ತಾಗಿದರೂ ಮುರಿಯುತ್ತದೆ, ಜೋರಾಗಿ ಸೀನಿದರೂ ಮುರಿಯುತ್ತದೆ. ನನ್ನದು ಮುರಿದು ಶಹಾಬಾದ್ ಕಲ್ಲಿನ ನೆಲದ ಸಂದಿಗೆ ಬಿತ್ತು. ಆ ಸಂದಿಯಲ್ಲಿ ಏನೇನಿದೆ ಅಂತ ಆ ಶಿವನಿಗೇ ಗೊತ್ತು. ಟಾರ್ಚ್ ಹಾಕಿ, ಪಿನ್ನು ಆಡಿಸಿ ನೋಡಿದೆ. ಮಗಳ ಕಿವಿಯೋಲೆಯ ಹಿಂದಿನ ತಿರುಪು ಸಿಕ್ಕಿತು, ಪಿಟೋ ಟ್ಯೂಬ್ ಸಿಗಲಿಲ್ಲ. ತಿರುಪಿಗಾಗಿ ಮನೆಯಲ್ಲಿ ಒಂದು ವಾರ ಹುಡುಕಾಟ ನಡೆದಿತ್ತು, ಹಾಗಾಗಿ ಆ ದಿನ ಮಾತ್ರ ನನ್ನ ಹವ್ಯಾಸಕ್ಕೆ ಮನೆಯಲ್ಲಿ ಒಳ್ಳೆಯ ಹೆಸರು ಬಂತು.

ಇಂಥ ಕಡೆ ಅನುಭವಸ್ಥರು ಇಂಜೆಕ್ಷನ್ ಸೂಜಿ ಹಾಕುತ್ತಾರೆ. ಸಣ್ಣದು, ದುಂಡಗೆ, ಮುರಿಯುವುದಿಲ್ಲ, ಲೋಹದ್ದೇ ಆದ್ದರಿಂದ ಬಣ್ಣವೂ ಬೇಕಿಲ್ಲ. ಉಪಾಯ ಚೆನ್ನಾಗಿದೆ, ತರುವುದು ಕಷ್ಟ. ಮೆಡಿಕಲ್ ಶಾಪಿಗೆ ಹೋಗಿ "ಸೂಜಿ ಅಷ್ಟೇ ಕೊಡ್ರಿ, ಸಿರಿಂಜ್ ಬ್ಯಾಡ, ಇರೋದ್ರಾಗ ಸಣ್ಣದು" ಅಂದೆ. ಅಂಗಡಿಯವರು ನನ್ನ ಕಣ್ಣು ನೋಡಿದರು, ಆಮೇಲೆ ಮೊಣಕೈ ನೋಡಿದರು.

"ಯಾರಿಗ್ರೀ?"

"ಮಿಗ್‌ಗೆ" ಅಂದೆ. ಅವರಿಗೆ ಏನು ಕೇಳಿಸಿತೋ.

"ವಯಸ್ಸೆಷ್ಟು ಅವರದು?"

"ಅರವತ್ತೆರಡು. ರಿಟೈರ್ ಆಗೈತಿ."

ಪಕ್ಕದಲ್ಲಿ ಬಿಪಿ ಮಾತ್ರೆ ತಗೊಳ್ಳುತ್ತಿದ್ದ ಹೆಂಗಸು ಒಂದು ಹೆಜ್ಜೆ ದೂರ ಸರಿದರು. ಕೊನೆಗೆ ಮೊಬೈಲಿನಲ್ಲಿ ಅರ್ಧ ಕಟ್ಟಿದ ವಿಮಾನದ ಫೋಟೋ ತೋರಿಸಬೇಕಾಯಿತು. ಅಂಗಡಿಯವರು ಫೋಟೋ ದೊಡ್ಡದು ಮಾಡಿ ನೋಡಿ ಕೇಳಿದ್ದು: "ಹಾರ್ತೈತೇನ್ರಿ?"

ಅಂಟಿನ ವಿಷಯ ಬೇಗ ಮುಗಿಸುತ್ತೇನೆ. ಈ ಕೆಲಸದ ಅಸಲಿ ಸಿಮೆಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಅದು ಖಾಲಿಯಾದ ದಿನ ಕಿರಾಣಿ ಅಂಗಡಿಯ ಸೂಪರ್ ಗಮ್ ಕೈಗೆ ಬರುತ್ತದೆ. ಅದರ ಹೊಗೆ ಪೈಲಟ್ ಕೂರುವಲ್ಲಿನ ಗಾಜಿನ ಮುಚ್ಚಳಕ್ಕೆ ಬಡಿದು, ಬೆಳಿಗ್ಗೆ ನೋಡಿದರೆ ಗಾಜೆಲ್ಲ ಬೆಳ್ಳಗೆ. ಟೂತ್‌ಪೇಸ್ಟ್ ಹಚ್ಚಿ ಮೆಲ್ಲಗೆ ಉಜ್ಜಿದರೆ ಸಾಕಷ್ಟು ತಿಳಿಯಾಗುತ್ತದೆ. ಆದರೆ ಮಗಳು "ಅಪ್ಪಾ, ನಿನ್ನ ಹಲ್ಲಿಗೆ ಇಷ್ಟು ಹೊತ್ತು ಉಜ್ಜಲ್ಲ" ಅಂದಳು. ಅದೂ ನಿಜವೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ವಿಮಾನ ಕಟ್ಟಿ ಮುಗಿಸಿದರೆ ಕೆಲಸ ಮುಗಿಯಲಿಲ್ಲ. ಹೊಸದಾಗಿ ಹೊಳೆಯುವ ವಿಮಾನ ಆಟಿಕೆಯಾಗಿಯೇ ಕಾಣುತ್ತದೆ. ಅದನ್ನು ಬಿಸಿಲು-ಮಳೆ ಕಂಡ, ದುಡಿದು ಸವೆದ ವಿಮಾನ ಮಾಡಬೇಕು. ಇದಕ್ಕೆ ವೆದರಿಂಗ್ ಅನ್ನುತ್ತಾರೆ, ಈ ಹವ್ಯಾಸದ ಅರ್ಧ ರುಚಿ ಇಲ್ಲೇ ಇದೆ. ಬಣ್ಣ ಉದುರಿ ಒಳಗಿನ ಲೋಹ ಕಾಣಬೇಕಾದರೆ ಒಂದು ಅಗ್ಗದ ಉಪಾಯವಿದೆ. ಮೊದಲು ಬೆಳ್ಳಿ ಬಣ್ಣ ಹೊಡೆದು ಒಣಗಿಸಿ, ಅಲ್ಲಲ್ಲಿ ನೀರು ಸವರಿ, ಅಡುಗೆ ಉಪ್ಪು ಉದುರಿಸಬೇಕು. ಉಪ್ಪು ಒಣಗಿ ಹಿಡಿದುಕೊಂಡ ಮೇಲೆ ಹಸಿರು-ಬೂದು ಬಣ್ಣ ಹೊಡೆದು, ಒಣಗಿದ ಮೇಲೆ ಒದ್ದೆ ಬ್ರಷ್‌ನಿಂದ ಉಪ್ಪನ್ನು ಉಜ್ಜಿ ತೆಗೆದರೆ, ಹರಳಿದ್ದಲ್ಲೆಲ್ಲ ಬೆಳ್ಳಿ ಚೂರುಚೂರಾಗಿ ಕಾಣುತ್ತದೆ. ಮೊದಲ ಸಲ ಅದು ಸರಿಯಾಗಿ ಬಂದಾಗ ಆಗುವ ಖುಷಿಯೇ ಬೇರೆ.

ನಾನು ಉಪ್ಪು ಉದುರಿಸಿ ಒಣಗಲು ಬಿಟ್ಟಾಗ ಅಮ್ಮ ಬಂದರು. ಹಿಂದಿನ ದಿನವಷ್ಟೇ ಪಕ್ಕದ ಮನೆಯವರು ಬಂದು "ಎಷ್ಟು ಚಂದ ಆಗೈತಿ" ಅಂದು ಹೋಗಿದ್ದರು. ಅಮ್ಮ ವಿಮಾನ ನೋಡಿದರು, ಉಪ್ಪು ನೋಡಿದರು. "ಹಿಂಗ ಸುಮ್ನ ಹಾಕಿದ್ರ ದೃಷ್ಟಿ ಹೋಗಲ್ಲಪ್ಪ, ನಿವಾಳಿಸಬೇಕು" ಅಂದು, ನಾನು ಬಾಯಿ ತೆಗೆಯುವಷ್ಟರಲ್ಲಿ ವಿಮಾನವನ್ನು ಎತ್ತಿ, ಉಪ್ಪನ್ನೆಲ್ಲ ಮುಷ್ಟಿಗೆ ಉಜ್ಜಿಕೊಂಡು, ಮೂರು ಸುತ್ತು ನಿವಾಳಿಸಿ ಬಚ್ಚಲಿಗೆ ಹಾಕಿಬಂದರು. ಎರಡನೇ ಸಲ ಉಪ್ಪು ಹಾಕುವಾಗ ಬಾಗಿಲಿಗೆ ಚಿಲಕ ಹಾಕಿಕೊಂಡೆ. ಒಂದು ಮಾತು ಹೇಳಲೇಬೇಕು, ಆಮೇಲೆ ಆ ವಿಮಾನದಲ್ಲಿ ಏನೂ ಮುರಿದಿಲ್ಲ.

ಈ ವೆದರಿಂಗನ್ನು ಒಂದೇ ಮಾತಿಗೆ ಅರ್ಥ ಮಾಡಿಕೊಂಡವರು ನಮ್ಮ ಓಣಿಯ ಕಾಕಾ. ಜೀನ್ಸ್ ವಾಷಿಂಗ್ ಕೆಲಸದಲ್ಲಿ ಕೈ ನೀಲಿ ಮಾಡಿಕೊಂಡ ಮನುಷ್ಯ. ಬಳ್ಳಾರಿ ಜೀನ್ಸ್ ಗೊತ್ತಲ್ಲ, ಹೊಲಿದ ಹೊಸ ಪ್ಯಾಂಟನ್ನು ಪ್ಯೂಮಿಸ್ ಕಲ್ಲಿನ ಜೊತೆ ಮಷಿನ್‌ನಲ್ಲಿ ತಿರುಗಿಸಿ, ತೊಡೆಯ ಮೇಲೆ ಪಾಲಿಶ್ ಪೇಪರ್ ಉಜ್ಜಿ, ಹಳೇದರ ಹಾಗೆ ಮಾಡಿ ಜಾಸ್ತಿ ರೇಟಿಗೆ ಮಾರುವ ಊರು ಇದು. ಕಾಕಾ ವಿಮಾನವನ್ನು ಕಿಟಕಿ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಹಾರುತ್ತಾ ಅಂತ ಕೇಳಲಿಲ್ಲ. ಆ ಒಂದು ಕಾರಣಕ್ಕೇ ಅವರ ಮೇಲೆ ಗೌರವ ಹೆಚ್ಚಾಯಿತು.

"ಫೇಡ್ ತಪ್ಪೈತಿ" ಅಂದರು.

"ಎಲ್ಲಿ ಕಾಕಾ?"

"ಇಲ್ಲಿ ಬಾಲದ ತುದಿಯಾಗ ಬಣ್ಣ ಯಾಕ ಹೋಗೈತಿ? ಅಲ್ಲಿ ಯಾರು ಕೈ ಇಡ್ತಾರ? ಪ್ಯಾಂಟು ಮೊಣಕಾಲಾಗ ಸವೀತೈತಿ, ಕಿಸೆ ಬಾಯಾಗ ಸವೀತೈತಿ. ಮನುಷ್ಯ ಮುಟ್ಟೋ ಕಡೆ ಸವೀಬೇಕು."

ಸರಿಯಾದ ಮಾತು. ಪೈಲಟ್ ಹತ್ತಿ ಇಳಿಯುವ ಕಾಕ್‌ಪಿಟ್ ಅಂಚು, ಏಣಿ ಆನಿಸುವ ಜಾಗ, ಮೆಕ್ಯಾನಿಕ್‌ಗಳು ದಿನಾ ತಿರುಪು ಬಿಚ್ಚಿ ಹಾಕುವ ಮುಚ್ಚಳ, ರೆಕ್ಕೆ ಬುಡದಲ್ಲಿ ಬೂಟು ಬೀಳುವ ಜಾಗ, ಬಣ್ಣ ಮೊದಲು ಹೋಗುವುದು ಇಂಥ ಕಡೆ. ನಾನು ಉಪ್ಪನ್ನು ಕೈ ಹೋದ ಕಡೆ ಚೆಲ್ಲಿದ್ದೆ. ಕಾಕಾ ಅಷ್ಟಕ್ಕೇ ಸುಮ್ಮನಾಗಲಿಲ್ಲ, "ನಾ ಒಂದು ಕೈ ಹಾಕ್ಲೇನು?" ಅಂದರು. ಬೇಡ ಅನ್ನುವ ಧೈರ್ಯ ಯಾರಿಗಿದೆ. ಪಾಲಿಶ್ ಪೇಪರ್ ಚೂರು ಬೆರಳಿಗೆ ಸುತ್ತಿಕೊಂಡು ಕಾಕ್‌ಪಿಟ್ ಅಂಚಿಗೆ ಎರಡೇ ಎರಡು ಸಲ ತಾಗಿಸಿದರು, ಅಷ್ಟೇ. ಅಲ್ಲಿಂದ ಪೈಲಟ್ ಈಗಷ್ಟೇ ಇಳಿದುಹೋಗಿದ್ದಾನೆ ಅನ್ನಿಸಬೇಕು, ಹಾಗಾಯಿತು. ಆ ಜಾಗವನ್ನು ಇವತ್ತಿಗೂ ಬಂದವರಿಗೆ ತೋರಿಸುತ್ತೇನೆ, ಯಾರು ಮಾಡಿದ್ದು ಅಂತ ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಇನ್ನು ಧೂಳು. ಹೊರದೇಶದಲ್ಲಿ ಇದನ್ನು ಪಿಗ್ಮೆಂಟ್ ಅಂತ ಸಣ್ಣ ಸಣ್ಣ ಬಾಟಲಿಯಲ್ಲಿ ಮಾರುತ್ತಾರೆ. ತುಕ್ಕಿನ ಬಣ್ಣದ ಪಿಗ್ಮೆಂಟ್ ಅಂದರೆ ಐರನ್ ಆಕ್ಸೈಡ್, ಮತ್ತೇನಿಲ್ಲ. ಸಂಡೂರು-ಹೊಸಪೇಟೆ ಕಡೆ ಲಾರಿಗಳ ಹಿಂದೆ ಹೋದವರಿಗೆ ಅದು ಏನು ಅಂತ ಹೇಳಬೇಕಾಗಿಲ್ಲ, ಮೂಗಿನಲ್ಲಿ ಬಂದಿರುತ್ತದೆ. ದುಡ್ಡು ಕೊಟ್ಟು ಅದನ್ನು ತರಿಸಿದರೆ ನಮ್ಮ ಮಣ್ಣಿಗೆ ಅವಮಾನ ಅಂದುಕೊಂಡು ಬೈಕಿನ ಮಡ್‌ಗಾರ್ಡ್ ಕೆರೆದು ಪುಡಿ ತೆಗೆದೆ. ಹಾಗೇ ಹಚ್ಚುವ ಹಾಗಿಲ್ಲ. 0.2 ಮಿಲಿಮೀಟರಿನ ಒಂದು ಕಣ 1:72ರಲ್ಲಿ ಹದಿನಾಲ್ಕು ಮಿಲಿಮೀಟರಿನ ಜಲ್ಲಿಕಲ್ಲಾಗಿ ಕಾಣುತ್ತದೆ. ಹಳೇ ಪಂಚೆಯಲ್ಲಿ ಸೋಸಿ, ಉಳಿದ ನುಣುಪನ್ನು ಮೃದು ಬ್ರಷ್‌ನಿಂದ ಚಕ್ರದ ಸುತ್ತ, ಹೊಟ್ಟೆ ಕೆಳಗೆ ಮುಟ್ಟಿಸಿದೆ. ಅಂಟಿಲ್ಲದೆ ಸುಮ್ನೆ ಕೂತಿರುವ ಪುಡಿ ಅದು, ಮೇಲೆ ಮ್ಯಾಟ್ ವಾರ್ನಿಶ್ ಹೊಡೆಯುವ ತನಕ ಯಾರೂ ಮುಟ್ಟಬಾರದು.

ದೀಪಾವಳಿ ಬಂತು. ದೀಪಾವಳಿಗೆ ಮನೆಯಲ್ಲಿ ಏನೇನು ತೊಳೆಯುತ್ತಾರೆ ಅಂತ ನಿಮಗೂ ಗೊತ್ತು. ನಾನು ಸಂಜೆ ಬಂದಾಗ ಮಿಗ್ ಶುಭ್ರವಾಗಿ, ಕಾರ್ಖಾನೆಯಿಂದ ಈಗ ಬಂದದ್ದಾಗಿ ನಿಂತಿತ್ತು. ಹೆಂಡತಿ ಎಷ್ಟು ಜೋಪಾನ ಮಾಡಿದ್ದಳೆಂದರೆ ಸೂಜಿಯೂ ಬಗ್ಗಿರಲಿಲ್ಲ. ಬೈಯಲು ಬಾಯೇ ಬರಲಿಲ್ಲ. ಅವತ್ತಿನಿಂದ ಬಟ್ಟೆ ಹಿಡಿದು ಶೋಕೇಸ್ ಹತ್ತಿರ ಹೋದಾಗಲೆಲ್ಲ ಕೂಗಿ ಕೇಳುತ್ತಾಳೆ: "ರೀ, ಇದು ನೀವು ಹಚ್ಚಿದ ಧೂಳೋ, ತಾನಾಗೇ ಕುಂತ ಧೂಳೋ?" ಕಷ್ಟ ಏನೆಂದರೆ, ಈಚೀಚೆಗೆ ನನಗೂ ಗೊತ್ತಾಗುವುದಿಲ್ಲ. ಬಿಡು, ಇರಲಿ ಅನ್ನುತ್ತೇನೆ. ಬಳ್ಳಾರಿಯೇ ಮಾಡಿದ ವೆದರಿಂಗ್ ನನ್ನದಕ್ಕಿಂತ ಚೆನ್ನಾಗಿ ಬಂದಿದೆ, ಕಾಕಾ ಕೂಡ ಒಪ್ಪಿದ್ದಾರೆ.

ಕಾರಿನ ಕಥೆ ಪೂರ್ತಿ ಉಲ್ಟಾ. ಕಾರು ಹೊಳೆಯಬೇಕು. ತಮಿಯಾದ ಫೋಕ್ಸ್‌ವ್ಯಾಗನ್ ಬೀಟಲ್, 1:24, ಅದಕ್ಕೆ ಹೊಳೆಯುವ ಕರಿ ಬಣ್ಣ. ಧೂಳಿನ ಊರಲ್ಲಿ ಕರಿ ಬಣ್ಣದ ಆಸೆ ಪಡುವುದು ತಲೆಹರಟೆ ಅಂತ ಗೊತ್ತು, ಆದರೂ ಬೀಟಲ್ ಅಂದರೆ ನನಗೆ ಕರಿದೇ. ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬನಿಯನ್ ಕೂಡ ಇಲ್ಲದೆ ಬಣ್ಣ ಹೊಡೆದು, ಮೇಲೆ ಅಮ್ಮನ ದೋಸೆ ಹಿಟ್ಟಿನ ಬೋಗುಣಿ ಮಗುಚಿ ಹಾಕಿ ಬಂದೆ. ಬೋಗುಣಿ ಎಲ್ಲಿ ಅಂತ ರಾತ್ರಿ ದೊಡ್ಡ ಗಲಾಟೆ ಆಯಿತು, ಅದು ಬೇಡ. ಬೆಳಿಗ್ಗೆ ಎತ್ತಿ ನೋಡಿದರೆ ಬಾನೆಟ್ ಮೇಲೆ ನಡುಮಧ್ಯೆ ಒಂದು ನೀಲಿ ನೂಲೆಳೆ. ಡೆನಿಮ್ಮಿನದು. ಕಾಕಾ ಹಿಂದಿನ ಸಂಜೆ "ಹೆಂಗ ನಡೆದೈತಿ" ಅಂತ ಒಂದೇ ನಿಮಿಷ ಬಂದು ನಿಂತು ಹೋಗಿದ್ದರು. ಎರಡು ಸಾವಿರ ನಂಬರಿನ ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿ, ಮತ್ತೆ ಹೊಳಪು ತಂದೆ. ಕಾಕಾಗೆ ಹೇಳಿಲ್ಲ.

ಮುಗಿದ ಕಾರನ್ನು ಶೋಕೇಸಲ್ಲಿಟ್ಟ ದಿನ ತಂಗಿಯ ಮಗ ಬಂದ. ನಂಬರ್ ಪ್ಲೇಟ್ ಜರ್ಮನಿಯದು ಯಾಕೆ ಅಂತ ಹಟ ಹಿಡಿದ. ಕೆಎ-34 ಹಾಕಿಸಿದ ಮೇಲೆ ಇನ್ನೊಂದು ಬೇಡಿಕೆ: "ಮಾಮಾ, ಹೊಸ ಗಾಡಿಗೆ ನಿಂಬೆಹಣ್ಣು-ಮೆಣಸಿನಕಾಯಿ ಎಲ್ಲಿ?" ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ಮೆಣಸಿನಕಾಯಿ ಸುಲಭ. ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾಗಿ ಜೋಲಿದಾಗ ಎರಡೂ ಕಡೆ ಎಳೆದರೆ ನೂಲಾಗಿ ಬರುತ್ತದೆ. ಮೂರು ಮಿಲಿಮೀಟರಿಗೆ ಕತ್ತರಿಸಿ ಹಸಿರು ಹಚ್ಚಿದರೆ ಆಯಿತು. ನಿಂಬೆಹಣ್ಣಿಗೆ ಲೆಕ್ಕ ಹಾಕಿದೆ. ನಾಲ್ಕು ಸೆಂಟಿಮೀಟರಿನ ಹಣ್ಣು 1:24ರಲ್ಲಿ ಒಂದೂವರೆ ಮಿಲಿಮೀಟರಿಗಿಂತ ತುಸು ಜಾಸ್ತಿ, ಅಂದರೆ ಸರಿಯಾಗಿ ಒಂದು ಸಾಸಿವೆ ಕಾಳು. ಅಡುಗೆಮನೆಗೆ ಹೋಗಿ ಕೇಳಿದೆ. ವಿಮಾನದ ಉಪ್ಪಿನ ನೆನಪಾಗಿ ಅಮ್ಮ ಬೈಯಬಹುದು ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು, ಸಾಸಿವೆ ಡಬ್ಬಿಯನ್ನು ಮೊರಕ್ಕೆ ಸುರಿದುಕೊಂಡು, ಒಂದೊಂದೇ ಕಾಳನ್ನು ಬೆರಳಲ್ಲಿ ಸರಿಸಿ ನೋಡಿದರು, ಬಹಳ ಹೊತ್ತು ನೋಡಿದರು.

"ಇವು ಆಗಲ್ಲ" ಅಂದರು. "ಈ ಸಲದ ಸಾಸಿವಿ ಭಾಳ ಸಣ್ಣವು, ನಿಂಬಿಕಾಯಿ ಅನ್ನಬಹುದು, ನಿಂಬಿಹಣ್ಣು ಅನ್ನಕ್ಕಾಗಲ್ಲ. ನಾಳೆ ಬ್ಯಾರೆ ಅಂಗಡಿಯಾಗ ತಗಂಡ್ ಬಾ."