ಕೀಲಿಕೈ ಯಾರ ಸೊಂಟದಲ್ಲಿ

ಹಳೇ ಕಾಲದ ಒಡವೆ ಪೆಟ್ಟಿಗೆಯನ್ನು ಕಳ್ಳರಿಗೆ ಹೆದರಿ ಮಾಡಿಸುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಹೆದರಿದವರು ಯಾರಾದರೂ ಹೊರಗಡೆ ಅಷ್ಟೊಂದು ಹಿತ್ತಾಳೆ ಬಡಿಸುತ್ತಾರಾ? ಮೂಲೆಮೂಲೆಗೆ ಎಲೆಯ ಆಕಾರಕ್ಕೆ ಕತ್ತರಿಸಿದ ತಗಡು, ಮುಚ್ಚಳದ ನಡುವೆ ದುಂಡನೆಯ ಹೂವು, ಅಂಚಿನುದ್ದಕ್ಕೂ ಗುಂಡು ತಲೆಯ ಮೊಳೆ, ಎದುರಿಗೆ ದೊಡ್ಡ ಕೊಂಡಿ. ಕತ್ತಲೆ ಕೋಣೆಯಲ್ಲಿ ಚಿಮಣಿ ಬುಡ್ಡಿ ಹಿಡಿದರೂ ಸಾಕು, ಮೊದಲು ಕಾಣುವುದು ಅದೇ. ಚಿನ್ನ ಇಲ್ಲೇ ಇದೆ ಬಾರಪ್ಪ ಅಂತ ಬೋರ್ಡು ಹಾಕಿದರೂ ಇದಕ್ಕಿಂತ ಜಾಸ್ತಿ ಗೊತ್ತಾಗುತ್ತಿರಲಿಲ್ಲ. ಕಳ್ಳನಿಗೆ ಬೀಗ ಒಡೆಯುವ ತಾಪತ್ರಯವೂ ಇಲ್ಲ, ಪೆಟ್ಟಿಗೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ತೋಟ ಇಳಿದರೆ ಆಯಿತು.

ಕುಮಟಾ ಕಡೆಯ ನಮ್ಮ ಮನೆಯಲ್ಲಿ ಅಂಥದ್ದೊಂದು ಇದೆ. ಬೀಟೆ ಮರದ್ದು, ಒಂದು ಮೊಳ ಉದ್ದ, ಖಾಲಿ ಇದ್ದರೂ ಎತ್ತುವಾಗ ಉಸಿರು ಬಿಗಿ ಹಿಡಿಯಬೇಕು. ತಲಶ್ಶೇರಿ ಹತ್ತಿರದ ನೆಟ್ಟೂರಿನ ಪೆಟ್ಟಿಗೆಗಳು ಹೆಸರುವಾಸಿ, ಅವುಗಳ ಮುಚ್ಚಳ ಕೇರಳದ ದೇವಸ್ಥಾನದ ಮಾಡಿನಂತೆ ಇಳಿಜಾರು. ನಮ್ಮದು ಅಷ್ಟು ಠೀವಿಯದ್ದಲ್ಲ, ಮುಚ್ಚಳ ಚಪ್ಪಟೆ. ಶಿರಸಿ, ಕುಮಟಾದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವ ಪೆಟ್ಟಿಗೆಯ ಜಾತಿಯದ್ದೂ ಅಲ್ಲ. ಅದರಲ್ಲಿ ಬಳ್ಳಿ, ಹಂಸ, ಆನೆ ಎಲ್ಲ ಇರುತ್ತದೆ, ಶೋಕೇಸಿನಲ್ಲಿಟ್ಟು ನೋಡಬೇಕು, ಒಡವೆ ಇಡಲು ಮನಸ್ಸು ಬರುವುದಿಲ್ಲ. (ನಮ್ಮ ಜಿಲ್ಲೆಯಲ್ಲಿ ಒಡವೆಯನ್ನೇ ಮರದಲ್ಲಿ ಮಾಡುವವರೂ ಇದ್ದಾರೆ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕ ನೋಡಿ. ಹಗುರ ಮರ ಕೆತ್ತಿ, ಬೇಗಡೆ ಹಚ್ಚಿದರೆ ಕೌರವನಿಗೆ ಬೇಕಾದಷ್ಟು ಬಂಗಾರ!)

ಹಿತ್ತಾಳೆ ಬರೀ ಅಂದಕ್ಕಲ್ಲ ಅಂತ ನನಗೆ ತಿಳಿದದ್ದು ದುರಸ್ತಿಗೆ ಬಂದ ಆಚಾರಿಯಿಂದ. ಹಲಗೆಯ ತುದಿ ಯಾವಾಗಲೂ ನೀರು ಹೀರುತ್ತದೆ, ಬಿರುಕು ಬಿಡುವುದೂ ಅಲ್ಲಿಂದಲೇ. ಹಲ್ಲು ಕೊರೆದು ಕೂಡಿಸಿದ ಮೂಲೆಯ ಮೇಲೆ ಅದಕ್ಕೇ ತಗಡು. ಕಬ್ಬಿಣ ಯಾಕಲ್ಲ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಉಪ್ಪು ಗಾಳಿಗೆ ನಮ್ಮ ಕಿಟಕಿ ಸರಳುಗಳ ಗತಿ ಏನಾಗಿದೆ ಅಂತ ನೋಡಿದರೆ ಸಾಕು. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ, ಕಪ್ಪಾದೀತು, ಕಿಲುಬು ಹಿಡಿದೀತು, ಆದರೆ ತುಕ್ಕು ತಿಂದು ಪುಡಿಯಾಗಿ ಉದುರುವುದಿಲ್ಲ.

ಆದರೂ ಮಳೆಗಾಲದಲ್ಲಿ ಈ ಪೆಟ್ಟಿಗೆಯ ಹಟವೇ ಬೇರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಷಾಢಕ್ಕೆ ಮುಚ್ಚಳ ಕಚ್ಚಿಕೊಂಡರೆ ಮುಗಿಯಿತು. "ಎಳೆಯಡ, ಬಿಜಾಗರಿ ಕಿತ್ತು ಹೋಗ್ತು, ಚೌತಿ ಹತ್ರ ಬರ್ಲಿ" ಅಂತ ಆಯಿ ಒಳಗಿನಿಂದಲೇ ಕೂಗುತ್ತಾಳೆ. ಮರ ಉದ್ದಕ್ಕೆ ಅಷ್ಟಾಗಿ ಉಬ್ಬುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿತ್ತಾಳೆಗೆ ಈ ಯಾವ ಗೊಡವೆಯೂ ಇಲ್ಲ. ಗಂಡ ಹೆಂಡಿರ ಹಾಗೆ, ಒಬ್ಬರು ಕಾಲಕಾಲಕ್ಕೆ ಉಬ್ಬುವವರು, ಇನ್ನೊಬ್ಬರು ಇದ್ದಲ್ಲಿಂದ ಅಲ್ಲಾಡದವರು, ನಡುವೆ ಸಡಿಲವಾಗುವುದು ಮಾತ್ರ ಪಾಪ ಮೊಳೆ. ಹಬ್ಬಕ್ಕೆ ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ತಂಬಿಗೆಯಾದರೆ ತೊಳೆದುಬಿಡಬಹುದು, ಇಲ್ಲಿ ಹುಳಿ ನೀರು ತಗಡಿನ ಅಡಿಗೆ ಇಳಿದು ಅಲ್ಲೇ ಹಸಿರು ಕಿಲುಬು ಕಟ್ಟುತ್ತದೆ.

ಸರಿ, ಕಳ್ಳರಿಗಲ್ಲದಿದ್ದರೆ ಬೀಗ ಯಾರಿಗೆ? ಮನೆಯವರಿಗೇ! ಅಡಿಕೆಗೆ ಕೊಳೆರೋಗ ಬಂದ ವರ್ಷ, ಕೋರ್ಟಿನ ವಾಯಿದೆ ಹತ್ತಿರ ಬಂದಾಗ, ಯಜಮಾನರ ಕಣ್ಣು ಮೊದಲು ಹೋಗುತ್ತಿದ್ದದ್ದು ಅವಲಕ್ಕಿ ಸರದ ಮೇಲೆ. ಮದುವೆಗೆ ಹಾಕಿಕೊಂಡು ಕೊಡುತ್ತೇನೆ ಅಂತ ಬುಗುಡಿ ಒಯ್ದ ನಾದಿನಿ ಮರೆತೇಬಿಡುತ್ತಿದ್ದಳು. ಮನೆ, ತೋಟ, ಬೆಟ್ಟ ಎಲ್ಲ ಗಂಡಸರ ಹೆಸರಿನಲ್ಲಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವ ಕಾಯ್ದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದೇ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅದಕ್ಕೆ ಮೊದಲು ತವರಿನಿಂದ ಅವಳಿಗೆ ಅಂತ ಬಂದದ್ದು ಬಹಳ ಮಟ್ಟಿಗೆ ಈ ಪೆಟ್ಟಿಗೆಯೊಳಗೆ ಹಿಡಿಸುವಷ್ಟೇ. ಕೀಲಿಕೈ ಸೊಂಟದಲ್ಲಿ. ಗಂಡನಾದರೂ ಬಾಯಿಬಿಟ್ಟು ಕೇಳಬೇಕು, ಕೇಳಿದ್ದು ಅಡುಗೆ ಮನೆಗೆ, ಅಲ್ಲಿಂದ ಪಕ್ಕದ ಮನೆಗೂ ಗೊತ್ತಾಗಬೇಕು. ಆ ಹಿತ್ತಾಳೆಯ ಹೊಳಪಿಗೆ ಅರ್ಥ ಇರುವುದು ಇಲ್ಲೇ ಅಂತ ನನ್ನ ವಾದ. ಅಡಗಿಸಿಡುವುದಲ್ಲ, ಇದು ನನ್ನದು ಅಂತ ಎಲ್ಲರಿಗೂ ಕಾಣುವ ಹಾಗೆ ಇಡುವುದು. ಪೆಟ್ಟಿಗೆಯ ತಳದಲ್ಲೊಂದು ಕಳ್ಳಖಾನೆಯೂ ಇದೆ, ಅದು ಎಲ್ಲಿದೆ ಅಂತ ಮನೆಯ ಸಣ್ಣ ಮಕ್ಕಳಿಗೂ ಗೊತ್ತು, ಆ ಮಾತು ಬಿಡಿ.

ಈಗ ಚಿನ್ನ ಬ್ಯಾಂಕಿನ ಲಾಕರಿನಲ್ಲಿದೆ. ಪೆಟ್ಟಿಗೆಯಲ್ಲಿ ಉಳಿದದ್ದು ತಿರುಪು ಕಳೆದ ಓಲೆ, ತುಂಡಾದ ಕಾಲ್ಗೆಜ್ಜೆ, ಅಕ್ಕಸಾಲಿಗರು ಸುತ್ತಿಕೊಟ್ಟ ಗುಲಾಬಿ ಬಣ್ಣದ ತೆಳು ಕಾಗದ, ಒಂದಿಷ್ಟು ಗುಲಗಂಜಿ, ರೇಷನ್ ಕಾರ್ಡು. ಟೆಂಪೋದಲ್ಲಿ ಹಳೇ ಬಾಗಿಲು, ಕಂಬ ಕೊಳ್ಳುತ್ತ ಬರುವವರು ಪೆಟ್ಟಿಗೆಗೂ ರೇಟು ಹೇಳಿ ಹೋಗಿದ್ದಾರೆ, ಆಯಿ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಲಾಕರಿಗೆ ಎರಡು ಕೀಲಿಕೈ, ಒಂದು ಬ್ಯಾಂಕಿನವರ ಹತ್ತಿರ, ಇನ್ನೊಂದು ನಮ್ಮದು. ಭದ್ರತೆಗೇನೂ ಕೊರತೆಯಿಲ್ಲ. ಆದರೆ ಲಾಕರ್ ಅಪ್ಪನ ಹೆಸರಿನಲ್ಲಿದೆ.