ಕ್ಯಾಮೆರಾ ಇದ್ರೆ ಸಾಕಾ?
ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೊಠಡಿಗಳಿಗೆ ಸಿಸಿಟಿವಿ ಹಾಕಿದರೆ ಮೇಲ್ವಿಚಾರಕರ ಕೆಲಸ ಮುಗಿದಂತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಮ್ಮೆ ಕೊಠಡಿಯೊಳಗೆ ನಿಂತು ನೋಡಿ ಸಾರ್. ನಾನು ಪ್ರೌಢಶಾಲೆ ಮೇಷ್ಟ್ರು, ಈ ಡ್ಯೂಟಿ ಮಾಡಿದವನು. 150 ಪ್ರಶ್ನೆ, ಎರಡೂವರೆ ಗಂಟೆ. ನೆಗೆಟಿವ್ ಅಂಕ ಇಲ್ಲದ್ದರಿಂದ ಯಾರೂ ಒಂದನ್ನೂ ಬಿಡಲ್ಲ, ಕೊನೇ ಐದು ನಿಮಿಷದಲ್ಲಿ ಓಎಂಆರ್ ಶೀಟ್ (ಉತ್ತರದ ಗುಂಡಿ ತುಂಬೋ ಹಾಳೆ) ಮೇಲೆ ಕಣ್ಣುಮುಚ್ಚಿ ಗುಂಡಿ ತುಂಬುತ್ತಾ ಕೂತಿರುತ್ತಾರೆ, ಆ ಹೊತ್ತಲ್ಲಿ ಶೀಟ್ ಕಿತ್ಕೊಳ್ಳೋದು ಅಂದ್ರೆ ಯಾರದೋ ಅನ್ನ ಕಿತ್ಕೊಂಡ ಹಾಗೆ.

ಒಬ್ಬ ತಾಯಿ ನೆನಪಾಗ್ತಾರೆ. ಹೊರಗೆ ಕಾರಿಡಾರಲ್ಲಿ ಅಜ್ಜಿ ಕೈಲಿ ಕೂಸು ಅಳ್ತಿತ್ತು. ಇವರು ಪ್ರಶ್ನೆಪತ್ರಿಕೆ ಯಾವ ಸೀರೀಸ್‌ದು (ಎ, ಬಿ ಹೀಗೆ) ಅಂತ ತೋರಿಸೋ ಗುಂಡಿಯನ್ನೇ ತಪ್ಪಾಗಿ ತುಂಬಿಬಿಟ್ಟು ನನ್ನ ಮುಖ ನೋಡಿದರು. ಬೇರೆ ಶೀಟ್ ಕೊಡೋಕೆ ನಂಗೆ ಅಧಿಕಾರ ಇಲ್ಲ. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಕರೆಸಿ ಬರೆಸಿಕೊಳ್ಳೋದರಲ್ಲಿ ಹದಿನೈದು ನಿಮಿಷ ಹೋಯ್ತು. ಆ ತಾಯಿಯ ಸಮಯಾನೇ ಹೋಗಿದ್ದು, ನಂದಲ್ಲ.

ಕಾಪಿ ಹೊಡೆಯುವವರು ಇಲ್ಲ ಅಂತಲ್ಲ, ಇದ್ದಾರೆ. ಕ್ಯಾಮೆರಾನೂ ಬೇಕು. ಆದ್ರೆ ನಮಗೆ ಸಿಗೋ ತರಬೇತಿ ಹಿಂದಿನ ದಿನದ ಅರ್ಧ ಗಂಟೆ ಮೀಟಿಂಗು, ಅದರಲ್ಲೂ ಕಾಲು ಗಂಟೆ ಟೀ! ಇಂಥ ತಪ್ಪಾದಾಗ ಏನು ಮಾಡಬೇಕು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಅದನ್ನೂ ಸ್ವಲ್ಪ ಬರೀರಿ.