ಎಲ್ಲಾ ಹೊಸ ಮೆಟಲ್ ಬ್ಯಾಂಡೂ ಮೇಡನ್ ಕಾಪಿ ಅಲ್ಲ ಮಾರಾಯ್ರೆ

ಈ ಮಂಗಳೂರಲ್ಲಿ ಹೆವಿ ಮೆಟಲ್ ಮ್ಯೂಸಿಕ್ ಕೇಳುವವರೇ ಕಮ್ಮಿ, ಅದ್ರಲ್ಲೂ ಯಾವ ಹೊಸ ಬ್ಯಾಂಡ್ ಹಾಕಿದ್ರೂ "ಎಂತ ಇದು, ಐರನ್ ಮೇಡನ್ ಕಾಪಿ ಅಲ್ವಾ" ಅಂತ ಒಬ್ಬ ಹೇಳಿಯೇ ಹೇಳ್ತಾನೆ (ಮೇಡನ್ ಅಂದ್ರೆ ಇಂಗ್ಲೆಂಡಿನ ಹಳೇ ಮೆಟಲ್ ಬ್ಯಾಂಡ್), ತಲೆ ಕೆಡ್ತದೆ. ಸ್ವೀಡನಿನ ಎನ್‌ಫೋರ್ಸರ್ ಹಾಕಿದ್ರೂ ಅದೇ ಡೈಲಾಗ್, ಅಮೆರಿಕದ ಮುನಿಸಿಪಲ್ ವೇಸ್ಟ್ ಹಾಕಿದ್ರೂ ಅದೇ! ಅಲ್ಲ ಮಾರಾಯ, ಮುನಿಸಿಪಲ್ ವೇಸ್ಟ್‌ನಲ್ಲಿ ಮೇಡನ್ ಎಲ್ಲುಂಟು? ಅದು ಡಿ.ಆರ್.ಐ., ಎಸ್.ಓ.ಡಿ. ಅಂತ ಹಳೇ ಅಮೆರಿಕನ್ ಬ್ಯಾಂಡ್‌ಗಳ ಕಡೆಯ ಕ್ರಾಸ್‌ಓವರ್ ಥ್ರ್ಯಾಶ್, ಅಂದ್ರೆ ಭಾರೀ ಸ್ಪೀಡಿನ ಮೆಟಲ್‌ಗೆ ಪಂಕ್ ಬೆರೆತದ್ದು, ಸುಮಾರು ಹಾಡು ಎರಡು ನಿಮಿಷಕ್ಕೆ ಮುಗೀತದೆ. ಎನ್‌ಫೋರ್ಸರ್‌ನದ್ದು ಕೀರಲು ಹೈ ಪಿಚ್ ಸ್ವರ, ಎರಡು ಗಿಟಾರಿನ ಹಾರ್ಮನಿ, ಅಲ್ಲಿ ಬೇಕಾದ್ರೆ ಮೇಡನ್ ಹೆಸರು ತೆಗೀರಿ, ಒಪ್ತೇನೆ.

ನನ್ನ ಕೇಳಿದ್ರೆ 2000ರ ನಂತರದ ಥ್ರ್ಯಾಶ್ ರಿವೈವಲ್, ಅಂದ್ರೆ 80ರ ದಶಕದ ಥ್ರ್ಯಾಶನ್ನು ಮತ್ತೆ ತರುವ ಅಲೆ, ಅರ್ಧಕ್ಕರ್ಧ ಬರೀ ವೇಷ. ಬಿಳಿ ಶೂ, ಪ್ಯಾಚ್ ಹೊಲಿದ ಜಾಕೆಟ್, ಕವರಲ್ಲಿ ಹಸಿರು ವಿಷದ ಪೀಪಾಯಿ, ಒಳಗೆ ನೆನಪುಳಿಯುವ ರಿಫ್ (ಪುನಃ ಪುನಃ ಬರುವ ಗಿಟಾರಿನ ತುಣುಕು) ಮಾತ್ರ ಹುಡುಕ್ಬೇಕು. ಎನ್‌ಫೋರ್ಸರ್ ತರದ ಟ್ರೆಡಿಷನಲ್ ಹೆವಿ ಮೆಟಲ್‌ನವ್ರಿಗೆ ಹಾಗೆ ಸ್ಪೀಡ್ ಹಿಂದೆ ಅಡಗ್ಲಿಕ್ಕೆ ಆಗುದಿಲ್ಲ, ಟ್ಯೂನ್ ಇಲ್ಲದಿದ್ರೆ ಸಿಂಗರ್ ಸಿಕ್ಕಿಬೀಳ್ತಾನೆ.

ಇನ್ನು ಈ ಹೊಸ ಬ್ಯಾಂಡ್‌ಗಳ ರೆಕಾರ್ಡಿಂಗ್! ಡ್ರೆಸ್ಸೆಲ್ಲ 1983, ಡ್ರಮ್ಸ್ ಮಾತ್ರ ಕಂಪ್ಯೂಟರಲ್ಲಿ ತಿದ್ದಿ ತೀಡಿ ಒಂದೇ ವಾಲ್ಯೂಮಲ್ಲಿ ಟಕಟಕ ಟಕಟಕ, ನಮ್ಮ ಯಕ್ಷಗಾನದ ಚೆಂಡೆಯಲ್ಲಿ ಇರುವಷ್ಟು ಏರಿಳಿತ ಕೂಡ ಇಲ್ಲ.

ಅಷ್ಟು ದೂರ ಯಾಕೆ, ಬೆಂಗಳೂರಿನ ಕ್ರಿಪ್ಟೋಸ್ 1998ರಿಂದ ಉಂಟು, ಹಳೇ ಸ್ಟೈಲನ್ನು ಚಂದ ಮಾಡ್ತಾರೆ. ಕೇಳಿ ಅಂದ್ರೆ "ಓ ಇಲ್ಲಿಯವ್ರಾ, ಆಮೇಲೆ ಕೇಳುವ" ಅಂತೆ. ಕೇಳದೆಯೇ ಕಾಪಿ ಅನ್ಲಿಕ್ಕೆ ಮಾತ್ರ ಎಲ್ಲರೂ ರೆಡಿ.